ಕುಟ್ಟಿಗೆ ಹೊಸ ಎಣ್ಣೆ

೨೦೨೪ ಸೆಪ್ಟೆಂಬರ್ ೮, ಭಾನುವಾರ

ಅಶ್ವಿತಾ ತಾನಿರುವ ಏಪೆಕ್ಸ್ ಊರಿನಿಂದ ಬಂದವಳು ಈ ಪುಸ್ತಕ ಕೊಟ್ಟು ಹೋದಳು. "ಮಾವ, ಯು ಟಾಕ್ ಸೋ ಮಚ್. ಸ್ವಲ್ಪ ಬರಿ" ಎಂದಳು. ತಂಗಿಯ ಮಗಳು, ಈ ದೇಶದಲ್ಲೇ ಹುಟ್ಟಿದವಳು. ಅವಳ ಕನ್ನಡ ಮೂರು ಹೆಜ್ಜೆ ನಡೆದು ಕುಂಟುತ್ತದೆ. ನಾನು ಓದಿದ್ದು ಏಳನೇ ಕ್ಲಾಸು. ಆದರೆ ಇನ್‌ಸ್ಪೆಕ್ಟರ್ ಶಾಲೆಗೆ ಬಂದಾಗ ಮೇಷ್ಟ್ರು ತೆಗೆದು ತೋರಿಸುತ್ತಿದ್ದದ್ದು ನನ್ನ ಕಾಪಿ ಪುಸ್ತಕವನ್ನೇ. ಹಾಗಾಗಿ ಬರೆಯುವುದು ನನಗೆ ಹೊಸತಲ್ಲ.

ಮೊದಲನೆಯ ಪುಟ ಗೆಲುವಿನದೇ ಇರಲಿ. ಇವತ್ತು ಭಾವನ ಬಾಯಿ ಮುಚ್ಚಿಸಿದೆ.

ತಂಗಿಯ ಗಂಡ ಗೋಪಿನಾಥ ಭಾವ ನೂಲಿನ ಗಿರಣಿಯಲ್ಲಿ ಎಂಜಿನಿಯರ್ ಆಗಿದ್ದವರು. ನಿವೃತ್ತರಾದ ಮೇಲೆ ನಾರ್ತ್ ಕೆರೊಲೈನಾದ ಈ ಗುಡ್ಡದ ತಲೆಯಲ್ಲಿ ಮನೆ ಕೊಂಡರು. ಶ್ವಾಸಕೋಶ ಗಟ್ಟಿಯಾಗುತ್ತಾ ಬರುವ ಕಾಯಿಲೆ ಅವರಿಗೆ. ಗೋಡೆಯ ಪಕ್ಕದಲ್ಲಿ ಕರೆಂಟಿನ ಮಿಷನ್ನು ಹಗಲೂ ರಾತ್ರಿ ಗುರುಗುಡುತ್ತಾ ಆಮ್ಲಜನಕ ಮಾಡುತ್ತದೆ, ಅದರ ನಳಿಗೆ ಅವರ ಮೂಗಿನಲ್ಲಿ. ಮೂಗು ಸೋತರೂ ಬಾಯಿ ಸೋತಿಲ್ಲ. ಏಪ್ರಿಲಿನಲ್ಲಿ ವಿಷು ಹಬ್ಬ ಕಳೆದಂದಿನಿಂದ ಒಂದೇ ರಾಗ: "ಐತಪ್ಪ, ಕುಟ್ಟಿಗೆ ಎಣ್ಣೆ ಬದಲಾಯಿಸಿದೆಯಾ?"

ಕುಟ್ಟಿ ಎಂದರೆ ನಮ್ಮ ಫೋರ್ ವೀಲರ್. ಮೋಟಾರ್ ಸೈಕಲ್ಲಿನ ಹಾಗೆ ಕಾಲು ಹಾಕಿ ಕೂರುವ ನಾಲ್ಕು ಚಕ್ರದ ಗಾಡಿ. ಸೌದೆ ತರುವುದಕ್ಕೆ, ಕೆಳಗಿನ ಗೇಟಿನಿಂದ ಸಾಮಾನು ಏರಿಸುವುದಕ್ಕೆ ಅದೇ ಗತಿ. ನಮ್ಮೂರಿನ ಕಂಬಳದ ಕೋಣದ ಹೆಸರನ್ನು ಅದಕ್ಕೆ ಇಟ್ಟದ್ದು ನಾನು. ಭಾವ ಅದರ ಜೊತೆ ಬಂದ ಪುಸ್ತಕವನ್ನು ಭಗವದ್ಗೀತೆಯ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಓದುತ್ತಾರೆ. ನೂರು ಗಂಟೆ ಓಡಿದರೆ ಬದಲಾಯಿಸಬೇಕಂತೆ. ಓಡದಿದ್ದರೂ ಆರು ತಿಂಗಳಿಗೆ ಬದಲಾಯಿಸಬೇಕಂತೆ. ನೀರಿಗೆ ಇಳಿದು ಎಣ್ಣೆ ಬಿಳಿಚಿದರೆ ಆ ಕೂಡಲೇ ಬದಲಾಯಿಸಬೇಕಂತೆ.

ನಾನು ಹೇಳಿದೆ, "ಭಾವ, ಊರಿನ ಅಕ್ಕಿ ಮಿಲ್ಲಿನ ಡೀಸೆಲ್ ಎಂಜಿನನ್ನು ಮೂವತ್ತು ವರ್ಷ ನೋಡಿಕೊಂಡವ ನಾನು. ಆಯುಧಪೂಜೆಯಿಂದ ಆಯುಧಪೂಜೆಗೆ ಎಣ್ಣೆ. ಒಂದು ದಿನ ಮೊದಲಿಲ್ಲ, ಒಂದು ದಿನ ಕಳೆದಿಲ್ಲ. ಅದು ಈಗಲೂ ಓಡ್ತಾ ಉಂಟು."

"ಆ ಎಂಜಿನಿಗೆ ಒಂದು ಬಕೆಟ್ ಎಣ್ಣೆ ಹಿಡಿತಿತ್ತು ಮಾರಾಯ. ಇದಕ್ಕೆ ಹಿಡಿಯುದು ಎರಡು ಚೆಂಬು. ಎರಡು ಚೆಂಬು ಎಷ್ಟು ಕೊಳೆ ಹೊರ್ತದೆ?"

ಇಂಥವರ ಜೊತೆ ವಾದ ಯಾಕೆ? ಅವರು ತರಿಸಿಟ್ಟ ಎರಡು ಬಾಟಲಿ ಎಣ್ಣೆಯನ್ನು ಹಿತ್ತಿಲಿಗೆ ಒಯ್ದೆ. ಬ್ರಷ್ಷಿನಲ್ಲಿ ಅದ್ದಿ ಬಸಳೆ ಚಪ್ಪರದ ಕಂಬಗಳಿಗೆ ಚೆನ್ನಾಗಿ ಬಳಿದೆ. ಇನ್ನು ಮರಕ್ಕೆ ಒರಲೆ ಹುಳ ಹತ್ತುವುದಿಲ್ಲ. ಅದರ ಜೊತೆ ತರಿಸಿದ್ದ, ಎಣ್ಣೆ ಸೋಸುವ ಹೊಸ ಫಿಲ್ಟರನ್ನು ಮೇಲಿನ ಶೆಡ್ಡಿನ ಅಟ್ಟದಲ್ಲಿ ಪೈಂಟಿನ ಡಬ್ಬಗಳ ಹಿಂದೆ ನೂಕಿದೆ. ಆಮೇಲೆ ಖಾಲಿ ಬಾಟಲಿಗಳನ್ನು ಭಾವನ ಎದುರು ಸಾಲಾಗಿ ನಿಲ್ಲಿಸಿದೆ.

"ಆಯ್ತಾ?"

"ಹಳೆ ಎಣ್ಣೆ ಎಂಥ ಮಾಡಿದೆ?"

"ಚಪ್ಪರದ ಕಂಬಕ್ಕೆ ಬಳಿದೆ. ಬೇಕಾದ್ರೆ ಹೋಗಿ ಮೂಸಿ ನೋಡಿ."

ಭಾವ ಎದ್ದು ನನ್ನ ಕೈ ಕುಲುಕಿದರು. ನಳಿಗೆ ಎಳೆದಷ್ಟು ದೂರ ಬಂದು ಕುಲುಕಿದರು. ನಾನು ನಗು ತಡೆದುಕೊಂಡದ್ದು ನನಗೇ ಗೊತ್ತು.

ಆಯುಧಪೂಜೆಗೆ ಇನ್ನು ಒಂದು ತಿಂಗಳು. ಆವತ್ತು ನಿಜವಾಗಿ ಬದಲಾಯಿಸಿದರಾಯಿತು. ಹೋದ ವರ್ಷ ತಂಗಿ ಕುಸುಮಾವತಿ ಕುಟ್ಟಿಯ ಹಣೆಗೆ, ಅಂದರೆ ದೀಪದ ಮೇಲೆ, ಗಂಧ ಹಚ್ಚಿದಳು. ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು. "ಓಡಿಸುವವನಿಗೂ ಬೇಡವಾ ಅಣ್ಣ" ಎಂದು ನನ್ನ ಹಣೆಗೂ ಹಚ್ಚಿದಳು. ಸಂಜೆಯವರೆಗೆ ಮುಖ ತೊಳೆಯಲಿಲ್ಲ ನಾನು.

ಸೆಪ್ಟೆಂಬರ್ ೧೪, ಶನಿವಾರ

ಕೆಳಗಿನ ತಿರುವಿನ ಮನೆಯ ವೇಯ್ನ್ ಬಂದಿದ್ದ. ಗಡ್ಡದವ, ಮರ ಕೊಯ್ಯುವವ. ಭಾವ ಅವನಿಗೆ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ನನ್ನ ಹೆಂಡತಿಯ ಅಣ್ಣನ ಕೈಯಲ್ಲಿ ಗಾಡಿ ಇದ್ದರೆ ಅದು ನನ್ನ ಕೈಯಲ್ಲೇ ಇದ್ದ ಹಾಗೆ, ಮೊನ್ನೆ ತಾನೆ ಎಣ್ಣೆ ಬದಲಾಯಿಸಿದ ಎಂದರು. ವೇಯ್ನ್ ಟೋಪಿ ಎತ್ತಿದ. ನಾನು ಮೀಸೆ ತಿರುವಿದೆ.

ಸೆಪ್ಟೆಂಬರ್ ೨೬, ಗುರುವಾರ

ನಿನ್ನೆಯಿಂದ ಬಿಡದ ಮಳೆ. ನಾಳೆ ಚಂಡಮಾರುತವಂತೆ. ಕುಸುಮಾವತಿ ಕಿಟಕಿಯಿಂದ ಕಿಟಕಿಗೆ ನಡೆಯುತ್ತಿದ್ದಾಳೆ.

"ಇದೆಂಥ ಮಳೆ, ಊರಿನ ಆಟಿ ತಿಂಗಳ ಮಳೆ ನೋಡಿದವರಿಗೆ ಇದು ಸೋನೆ" ಎಂದೆ.

ಭಾವ ಟೀವಿಯಿಂದ ಕಣ್ಣು ತೆಗೆಯದೆ ಹೇಳಿದರು. "ಅಲ್ಲಿಯ ಮಳೆಗೆ ಹೋಗ್ಲಿಕ್ಕೆ ಸಮುದ್ರ ಉಂಟು. ಇಲ್ಲಿಯದು ಎಲ್ಲಿಗೆ ಹೋಗ್ಬೇಕು? ಎಲ್ಲ ನಮ್ಮ ತೋಡಿಗೇ ಬರುದು."

ಕರೆಂಟು ಹೋದರೆ ಮಿಷನ್ನು ನಿಲ್ಲುತ್ತದೆ. ಅದಕ್ಕೆ ಜನರೇಟರ್ ಉಂಟು, ಕೆಳಗಿನ ಶೆಡ್ಡಿನಲ್ಲಿ. ಮನೆಯೊಳಗೆ ತುರ್ತಿಗೆಂದು ಆಮ್ಲಜನಕದ ಸಿಲಿಂಡರುಗಳು ಉಂಟು. ಎಲ್ಲ ಉಂಟು. ಹೆಂಗಸರಿಗೆ ಹೆದರಲಿಕ್ಕೆ ಕಾರಣ ಬೇಡ.

ಸೆಪ್ಟೆಂಬರ್ ೨೮, ಶನಿವಾರ

ಕೆಳಗಿನ ಶೆಡ್ಡು ಇಲ್ಲ. ಜನರೇಟರ್ ಇಲ್ಲ. ತೋಡಿನ ಮೇಲಿನ ಸೇತುವೆ ಇಲ್ಲ. ಅದು ಇದ್ದ ಜಾಗವೂ ಇಲ್ಲ, ತೋಡು ಅಲ್ಲಿಂದ ಎದ್ದು ರಸ್ತೆಯಲ್ಲೇ ಹರಿಯುತ್ತಿದೆ. ಸೊಂಟ ದಪ್ಪದ ಮರಗಳು ಕಡ್ಡಿ ಚೆಲ್ಲಿದ ಹಾಗೆ ಬಿದ್ದಿವೆ. ವೇಯ್ನ್‌ನ ಕೊಟ್ಟಿಗೆ ಅವನ ಎರಡು ಹೇಸರಗತ್ತೆಗಳ ಸಮೇತ ಹೋಗಿದೆ. ಮಣ್ಣಿನ ವಾಸನೆ, ಅದರ ಮೇಲೆ ಎಲ್ಲಿಯದೋ ಗ್ಯಾಸಿನ ವಾಸನೆ. ಫೋನು ಸತ್ತಿದೆ. ಅಶ್ವಿತಾಗೆ ನಾವು ಇದ್ದೇವೋ ಇಲ್ಲವೋ ಗೊತ್ತಿರಲಿಕ್ಕಿಲ್ಲ.

ಮೇಲಿನ ಶೆಡ್ಡು ಉಳಿದಿದೆ, ಅದರೊಳಗೆ ಕುಟ್ಟಿ ಉಳಿದಿದೆ. ಬಸಳೆ ಚಪ್ಪರದ ಒಂದು ಕಂಬವೂ ಅಲುಗಿಲ್ಲ. ನನ್ನ ಕೆಲಸ ಹಾಗೆ.

ಭಾವ ಸಿಲಿಂಡರಿನ ಮುಳ್ಳು ನೋಡುತ್ತಾ ಕುಳಿತಿದ್ದಾರೆ. ಉಳಿದದ್ದು ಸ್ವಲ್ಪವೇ. ಗುಡ್ಡದ ಆಚೆ ಅಗ್ನಿಶಾಮಕ ಠಾಣೆಗೆ ಸಿಲಿಂಡರುಗಳು ಬಂದಿವೆ ಎಂದು ವೇಯ್ನ್ ಕೂಗಿ ಹೇಳಿದ. ಕಾರು ಹೋಗದು. ಕಾಲಲ್ಲಿ ಹೋದರೆ ಅರ್ಧ ದಿನ.

"ಕುಟ್ಟಿ ಉಂಟಲ್ಲ" ಎಂದೆ.

"ಕುಟ್ಟಿ ಉಂಟು" ಎಂದರು ಭಾವ. ಕುಸುಮಾವತಿಯ ಕಡೆ ತಿರುಗಿ, "ಎಣ್ಣೆ ಹೊಸತು" ಎಂದರು.

ಸೆಪ್ಟೆಂಬರ್ ೨೯, ಭಾನುವಾರ

ಹೋಗಿ ಬಂದೆ. ತೋಡಿನ ನೀರು ಸೀಟಿನವರೆಗೆ ಬಂತು. ನಡುವಿನಲ್ಲಿ ಕುಟ್ಟಿ ಒಮ್ಮೆ ಕೆಮ್ಮಿತು. ಕಂಬಳದ ಗದ್ದೆಯಲ್ಲಿ ಕೂಗುವ ಹಾಗೆ ಒಂದು ಕೂಗು ಹಾಕಿದೆ, ಹಾರಿ ದಡ ಸೇರಿತು. ಠಾಣೆಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಒಬ್ಬ ಹುಡುಗಿ ಫೋಟೋ ತೆಗೆದಳು. ಬರುವಾಗ ನಮ್ಮ ಸಿಲಿಂಡರುಗಳ ಜೊತೆ ವೇಯ್ನ್‌ನ ತಾಯಿಗೆ ಸಕ್ಕರೆ ಕಾಯಿಲೆಯ ಮದ್ದು, ಆಚೆ ಮನೆಯವರಿಗೆ ನೀರು. ಈ ಗುಡ್ಡಕ್ಕೆ ಈಗ ನಾನೇ ಅಂಚೆಯವ, ನಾನೇ ಡಾಕ್ಟರ್.

ಭಾವ ಬಾಗಿಲಲ್ಲೇ ಕೇಳಿದರು: "ನೀರು ಎಷ್ಟು ಬಂತು?"

"ಮೊಣಕಾಲಿನವರೆಗೆ."

"ಹಾಗಾದ್ರೆ ಅಡ್ಡಿಲ್ಲ. ಆದರೂ ಎಣ್ಣೆ ಕಡ್ಡಿ ಎತ್ತಿ ನೋಡು."

ಅಕ್ಟೋಬರ್ ೧, ಮಂಗಳವಾರ

ಎರಡನೆಯ ಸಲ ಹೋಗಿ ಬಂದೆ. ಏರಿನಲ್ಲಿ ಕುಟ್ಟಿಯ ಉಸಿರು ಸ್ವಲ್ಪ ದಪ್ಪವಾಗಿದೆ.

ವೇಯ್ನ್‌ನ ಮನೆಯ ಎದುರು ನಿಲ್ಲಿಸಿ ಎಣ್ಣೆಯ ಕಡ್ಡಿ ಎತ್ತಿ ನೋಡಿದೆ. ಹಾಲು ಹೆಚ್ಚಾದ ಚಹಾದ ಬಣ್ಣ. ವೇಯ್ನ್ ಹಿಂದಿನಿಂದ ಬಂದು ಬಗ್ಗಿ ನೋಡಿದ. ಒಳಗೆ ನೀರು ಹೋಗಿದೆ, ಇದನ್ನು ಈಗಲೇ ಇಳಿಸಬೇಕು, ನನ್ನಲ್ಲಿ ಎಣ್ಣೆ ಇದೆ, ತರಲೇ ಎಂದ. ಅವನ ಇಂಗ್ಲಿಷು ನನಗೆ ಅರ್ಧ ಅರ್ಥವಾಗುತ್ತದೆ. ಇದು ಪೂರ್ತಿ ಅರ್ಥವಾಯಿತು.

ಇದೇ ವೇಯ್ನ್ ಅಲ್ಲವೇ ಭಾವನ ಮಾತು ಕೇಳಿ ಟೋಪಿ ಎತ್ತಿದವ. ಎಣ್ಣೆ ಇಳಿಸಿದರೆ ಫಿಲ್ಟರ್ ಬಿಚ್ಚಬೇಕು. ಬಿಚ್ಚಿದರೆ ಅದು ಹೊಸತಲ್ಲ ಎಂದು ಕುರುಡನಿಗೂ ಕಾಣುತ್ತದೆ. ನಾಳೆ ಅವನು ಭಾವನ ಹತ್ತಿರ ಕುಳಿತು ಹೇಳಿಯೇ ಹೇಳುತ್ತಾನೆ.

"ನೋ ನೋ, ನ್ಯೂ ಆಯಿಲ್" ಎಂದೆ. ನಮ್ಮೂರಿನಲ್ಲಿ ಎಮ್ಮೆ ಇಡೀ ದಿನ ಕೆರೆಯಲ್ಲಿ ಮಲಗುತ್ತದೆ, ಎದ್ದ ಮೇಲೆ ಅದರ ರಕ್ತ ಬದಲಾಯಿಸುತ್ತಾರಾ ಎಂದು ಕೈ ಸನ್ನೆಯಲ್ಲಿ ಕೇಳಿದೆ. ಅವನು ನಕ್ಕ. ಆದರೆ ಕಣ್ಣು ಕಡ್ಡಿಯ ಮೇಲೆಯೇ ಇತ್ತು.

ಆಯುಧಪೂಜೆಗೆ ಹತ್ತು ದಿನ ಉಂಟು. ಓಡುತ್ತದೆ.

ಅಕ್ಟೋಬರ್ ೫, ಶನಿವಾರ

ಭಾವ ನಿನ್ನೆ ಬೆಳಿಗ್ಗೆ ಹೋದರು.

ಅಕ್ಟೋಬರ್ ೬, ಭಾನುವಾರ

ಗುರುವಾರದ್ದನ್ನು ಬರೆದಿಡಬೇಕು. ಆಮೇಲೆ ಮರೆತು ಹೋದೀತು.

ಬೆಳಿಗ್ಗೆ ಹೊರಟೆ. ಮನೆಯಲ್ಲಿ ಉಳಿದಿದ್ದ ಸಿಲಿಂಡರ್ ಮಧ್ಯಾಹ್ನಕ್ಕೆ ಮುಗಿಯುವಂಥದ್ದು. ಭಾವ ಮೆಟ್ಟಿಲವರೆಗೆ ಬಂದು "ಊಟಕ್ಕೆ ಮೊದಲು ಬಾ" ಎಂದರು. ಠಾಣೆಯಲ್ಲಿ ಮೂರು ಸಿಲಿಂಡರ್ ಕೊಟ್ಟರು. ಹಿಂದಿನ ಕ್ಯಾರಿಯರಿಗೆ ಕಟ್ಟಿದೆ. ತೋಡು ದಾಟಿದೆ. ಏರು ಸುರುವಾಗುವ ಜಾಗದಲ್ಲಿ ಎಂಜಿನಿನ ಒಳಗೆ ಯಾರೋ ಬಾಗಿಲು ಬಡಿದ ಹಾಗೆ ಸದ್ದು ಬಂತು. ಕೂಗಿದೆ, ಬೈದೆ, ಇನ್ನೂ ಸ್ವಲ್ಪ ಎಂದೆ. ಆಮೇಲೆ ಒಂದು ಕಿರುಚು. ಚಕ್ರಗಳು ನಿಂತಲ್ಲೇ ಕಚ್ಚಿಕೊಂಡವು. ಎಂಜಿನ್ ಬಿಗಿದು ಸೀಜ್ ಆಯಿತು. ಮುಟ್ಟಿದರೆ ಕೈ ಸುಡುತ್ತಿತ್ತು.

ಒಂದು ಸಿಲಿಂಡರನ್ನು ಕಂಬಳಿಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿದೆ. ಇನ್ನೊಂದನ್ನು ಎದೆಗೆ ಅವಚಿಕೊಂಡೆ. ದಾರಿ ಎಂಬುದು ಇರಲಿಲ್ಲ, ಬಿದ್ದ ಮರಗಳ ಅಡಿಯಲ್ಲಿ ನುಸುಳಬೇಕು, ಮೇಲೆ ಹತ್ತಬೇಕು. ಎಡಗಾಲಿನ ಮೊಣಗಂಟು ಮಡಚಲು ಒಪ್ಪಲಿಲ್ಲ. ಎರಡು ಸಲ ಜಾರಿದೆ. ಒಂದು ಸಲ ಬಿದ್ದೆ. ಮಿಲಿಟರಿ ಹೆಲಿಕಾಪ್ಟರ್ ಒಂದು ತಲೆಯ ಮೇಲಿನಿಂದ ನಮ್ಮ ಮನೆಯ ಕಡೆ ಹೋಯಿತು, ಸ್ವಲ್ಪ ಹೊತ್ತಿಗೆ ಹಿಂದೆ ಹೋಯಿತು. ಹೋಗುವಾಗಲೂ ಬರುವಾಗಲೂ ನಾನು ಕೈ ಬೀಸಿದೆ.

ಮುಟ್ಟುವಾಗ ಬಿಸಿಲು ಇಳಿದಿತ್ತು. ಭಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕುಳಿತಿದ್ದರು. ತುಟಿ ನೇರಳೆ ಹಣ್ಣು ತಿಂದ ಹಾಗೆ. ಕುಸುಮಾವತಿ ಬೀಸಣಿಗೆ ಬೀಸುತ್ತಿದ್ದಳು, ಬೇರೇನು ಮಾಡಿಯಾಳು. ನಳಿಗೆ ಸಿಕ್ಕಿಸಿದೆ. ಎಷ್ಟೋ ಹೊತ್ತಿಗೆ ಕಣ್ಣು ತೆರೆದರು.

"ಕುಟ್ಟಿ?"

"ಕಲ್ಲು ತಾಗಿತು ಭಾವ."

"ಎಣ್ಣೆ... ಹೊಸತಿತ್ತಲ್ಲ."

ಹೌದು ಎಂದೆ.

ಶುಕ್ರವಾರ ಮಂಜು. ಹೆಲಿಕಾಪ್ಟರ್ ಯಾವುದೂ ಹಾರಲಿಲ್ಲ. ಸಿಲಿಂಡರಿನಲ್ಲಿ ಇನ್ನೂ ಇತ್ತು. ಅದು ಸುಯ್ಯೆನ್ನುತ್ತಲೇ ಇತ್ತು. ಕುಸುಮಾವತಿ ನನ್ನ ಮುಖ ನೋಡಿದಳು. ನಾನು ಎದ್ದು ಹೋಗಿ ಅದರ ಕಿವಿ ತಿರುಗಿಸಿ ನಿಲ್ಲಿಸಿದೆ.

ಅಕ್ಟೋಬರ್ ೯, ಬುಧವಾರ

ಸೈನಿಕರು ಭಾವನನ್ನು ಕೆಳಗೆ ಇಳಿಸಿದರು. ಅಶ್ವಿತಾ ಅಲ್ಲಿಗೆ ಬಂದಿದ್ದಳು, ನಮ್ಮ ಜೊತೆ ಮನೆಗೂ ಬಂದಳು. ಊರಿನ ಕ್ರಮಗಳು ಯಾವುದೂ ಸರಿಯಾಗಿ ಆಗಲಿಲ್ಲ. ಆದದ್ದೇ ಕ್ರಮ.

ಇವತ್ತು ಕುಸುಮಾವತಿ ಅಡುಗೆಮನೆಯಲ್ಲಿ ಕುಳಿತು, ಯಾರೂ ಕೇಳದೆ, ಅಶ್ವಿತಾಗೆ ಹೇಳತೊಡಗಿದಳು. ನಾನು ಬಾಗಿಲಲ್ಲಿ ಇದ್ದೆ.

"ಗುರುವಾರ ಹೆಲಿಕಾಪ್ಟರ್ ನಮ್ಮ ಮನೆಗೇ ಬಂದದ್ದು ಮಗಾ. ಹಿಂದಿನ ಬಯಲಲ್ಲಿ ಇಳೀತು. ಒಬ್ಬರಿಗೆ ಜಾಗ ಉಂಟು, ನಿಮ್ಮನ್ನು ಆಸ್ಪತ್ರೆಗೆ ಒಯ್ತೇವೆ ಅಂದ್ರು. ನಿನ್ನ ಪಪ್ಪ ಕೇಳ್ಲಿಲ್ಲ. ವೇಯ್ನ್‌ನ ಅಮ್ಮನಿಗೆ ಕಷ್ಟ ಆಗಿತ್ತಲ್ಲ, ಅವರನ್ನು ಕರ್ಕೊಂಡು ಹೋಗಿ ಅಂದ್ರು. ನಾನು ಅತ್ತೆ. ಆಗ ನನಗೆ ಹೇಳಿದ್ರು, ಯಾಕೆ ಅಳ್ತಿ, ಐತಪ್ಪ ಊಟಕ್ಕೆ ಮೊದಲು ಬರ್ತಾನೆ, ಗಾಡಿಗೆ ಹೊಸ ಎಣ್ಣೆ ಹಾಕಿದ್ದಾನೆ, ಅದು ದಾರಿಯಲ್ಲಿ ಸೋಲುದಿಲ್ಲ ಅಂತ."

ಅಶ್ವಿತಾ "ಓ ಡ್ಯಾಡ್" ಎಂದು ಮೇಜಿನ ಮೇಲೆ ತಲೆ ಇಟ್ಟಳು.

"ಅವರ ಲೆಕ್ಕ ತಪ್ಪಿರಲಿಲ್ಲ" ಎಂದಳು ಕುಸುಮಾವತಿ. "ಕಲ್ಲು ತಾಗಿದ್ದಕ್ಕೆ ಯಾರು ಎಂಥ ಮಾಡ್ಲಿಕ್ಕಾಗ್ತದೆ? ಅಣ್ಣ ಬೆನ್ನ ಮೇಲೆ ಹೊತ್ಕೊಂಡು ಬಂದ ಮಗಾ. ಈ ವಯಸ್ಸಲ್ಲಿ."

ಅಶ್ವಿತಾ ಎದ್ದು ಬಂದು ನನ್ನನ್ನು ಅಪ್ಪಿ ಹಿಡಿದಳು. ಒಲೆಯ ಮೇಲೆ ಗಂಜಿ ಇತ್ತು. ಉಕ್ಕುತ್ತಾ ಉಂಟು ಎಂದೆ.

ಅಕ್ಟೋಬರ್ ೧೧, ಶುಕ್ರವಾರ

ಆಯುಧಪೂಜೆ. ಸೂತಕದ ಮನೆಯಲ್ಲಿ ಪೂಜೆ ಇಲ್ಲ.

ಬಸಳೆ ಚಪ್ಪರ ಕಿತ್ತು ಹಾಕಿದೆ. ಗಟ್ಟಿ ಇತ್ತು, ಬಹಳ ಹೊತ್ತು ಹಿಡಿಯಿತು. ಯಾಕೆ ಅಣ್ಣ, ಅದೊಂದೇ ಉಳಿದದ್ದಲ್ವಾ ಎಂದು ಕುಸುಮಾವತಿ ಕೇಳಿದಳು. ಬಿಸಿಲಿಗೆ ಅಡ್ಡ ಎಂದೆ.

೨೦೨೫ ಏಪ್ರಿಲ್ ೧೯, ಶನಿವಾರ

ಚಳಿಗಾಲವೆಲ್ಲ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ.

ವೇಯ್ನ್ ಕುಟ್ಟಿಯನ್ನು ಏರಿನ ಬುಡದಿಂದ ಎಳೆದು ತಂದು ತನ್ನ ಅಂಗಳದಲ್ಲಿ ಇಟ್ಟಿದ್ದ. ಹಳೆಯ ಗಾಡಿಯೊಂದರ ಎಂಜಿನ್ ತೆಗೆದು ಇದಕ್ಕೆ ಕೂರಿಸಿದ್ದಾನೆ. ತನ್ನ ತಾಯಿಯ ಜೀವ ಉಳಿಸಿದವರ ಗಾಡಿ ಎಂದು ನಮ್ಮನ್ನು ಕೇಳದೆಯೇ ಮಾಡಿದ್ದು. ಇವತ್ತು ತಂದುಕೊಟ್ಟ. ಹಳೆಯ ಎಂಜಿನನ್ನು ಬಿಚ್ಚಿ ನೋಡಿರಬೇಕು. ಕೀಲಿಕೈ ನನ್ನ ಅಂಗೈಯಲ್ಲಿಟ್ಟು ಸ್ವಲ್ಪ ಹೊತ್ತು ಅದನ್ನು ಒತ್ತಿ ಹಿಡಿದಿದ್ದ.

ಮೇಲಿನ ಶೆಡ್ಡಿನ ಅಟ್ಟ ಹತ್ತಿದೆ. ಪೈಂಟಿನ ಡಬ್ಬಗಳ ಹಿಂದೆ ಫಿಲ್ಟರ್ ಹಾಗೆಯೇ ಇತ್ತು, ಡಬ್ಬಿ ಬಿಚ್ಚಿರಲಿಲ್ಲ.

ಮೇ ೧೧

ಎಣ್ಣೆ ಬದಲಾಯಿಸಿದೆ.

ಜೂನ್ ೧

ಎಣ್ಣೆ ಬದಲಾಯಿಸಿದೆ. ಇಳಿಸಿದ್ದು ಇನ್ನೂ ಜೇನಿನ ಬಣ್ಣದಲ್ಲೇ ಇತ್ತು.

ಜುಲೈ ೫, ಶನಿವಾರ

ಅಶ್ವಿತಾ ಬಂದಿದ್ದಾಳೆ. ನಾನು ಶೆಡ್ಡಿನಲ್ಲಿ ಕುಟ್ಟಿಯ ಅಡಿಯಲ್ಲಿ ಮಲಗಿದ್ದೆ. ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಳು. ಕೈಯಲ್ಲಿ ಭಾವನ ಪುಸ್ತಕ.

"ಮಾವ, ಬುಕ್ ಹಂಡ್ರೆಡ್ ಅವರ್ಸ್ ಅಂತ ಹೇಳತ್ತೆ. ಆರ್ ಸಿಕ್ಸ್ ಮಂತ್ಸ್. ನೀನು ಎವ್ರಿ ಮಂತ್ ಮಾಡ್ತೀಯಾ? ವೈ?"

"ನೀರಿಗೆ ಇಳಿದರೆ ಕೂಡಲೇ ಮಾಡಬೇಕು ಅಂತ ಉಂಟಲ್ಲ ಅದರಲ್ಲಿ."

"ಬಟ್ ನೀನು ನೀರಿಗೆ ಹೋಗಿಲ್ವಲ್ಲಾ."

"ಆ ಪುಟ ಓದು. ಇನ್ನೂ ಏನೇನು ಬರೆದಿದ್ದಾರೆ ಹೇಳು."

ಓದಿದಳು. ಇಂಗ್ಲಿಷಿನಲ್ಲಿ ಓದಿ, ಕುಂಟುವ ಕನ್ನಡದಲ್ಲಿ ಹೇಳಿದಳು. ಇನ್ನೊಮ್ಮೆ ಓದಿಸಿದೆ. ಆಮೇಲೆ, ಆ ರೈಸ್ ಮಿಲ್ ಎಂಜಿನ್ ಸ್ಟೋರಿ ಹೇಳು ಮಾವ, ಐ ಲವ್ ದಟ್ ಒನ್ ಎಂದಳು. ಆ ಎಂಜಿನ್ ಬೇರೆ, ಅದಕ್ಕೆ ಒಂದು ಬಕೆಟ್ ಎಣ್ಣೆ ಹಿಡಿಯುತ್ತಿತ್ತು ಎಂದೆ. ಅಷ್ಟೇನಾ ಎಂದಳು. ಅಷ್ಟೇ.

ಅಕ್ಟೋಬರ್ ೧, ಬುಧವಾರ

ಭಾವನ ವರ್ಷಾಂತಿಕ ಮುಗಿದು ಒಂದು ವಾರವಾಯಿತು. ಈ ವರ್ಷ ಆಯುಧಪೂಜೆ ಮಾಡುವಾ ಅಣ್ಣ, ಅವರಿಗೆ ಇಷ್ಟ ಇತ್ತು ಎಂದಳು ಕುಸುಮಾವತಿ. ರಜೆ ಹಾಕಿ ಅಶ್ವಿತಾ ಬಂದಳು. ವೇಯ್ನ್ ತನ್ನ ಮರ ಕೊಯ್ಯುವ ಗರಗಸವನ್ನೂ ತಂದು ಕುಟ್ಟಿಯ ಪಕ್ಕದಲ್ಲಿ ಇಟ್ಟ. ಅವನ ತಾಯಿಯೂ ಕೋಲೂರಿಕೊಂಡು ಬಂದಿದ್ದರು.

ಬೆಳಿಗ್ಗೆಯೇ ಎಣ್ಣೆ ಬದಲಾಯಿಸಿದೆ. ಕುಟ್ಟಿಯನ್ನು ತೊಳೆದೆ, ಒರೆಸಿದೆ, ಎರಡನೆಯ ಸಲ ಒರೆಸಿದೆ.

ಕುಸುಮಾವತಿ ತಟ್ಟೆ ಹಿಡಿದು ಬಂದಳು. ಚಕ್ರಗಳಿಗೆ ನಿಂಬೆಹಣ್ಣು ಇಟ್ಟಳು. ಗರಗಸಕ್ಕೆ ಹೂವು ಇಟ್ಟಳು. ಕುಟ್ಟಿಯ ದೀಪದ ಮೇಲೆ ಗಂಧ ಹಚ್ಚಿದಳು. ಆಮೇಲೆ ವೇಯ್ನ್‌ನ ತಾಯಿಯ ಕಡೆ ತಿರುಗಿ, ಇಂಗ್ಲಿಷಿನಲ್ಲಿ, ನಿಧಾನವಾಗಿ ಹೇಳಿದಳು: ನನ್ನ ಅಣ್ಣ ಮೊದಲೇ ಎಣ್ಣೆ ಬದಲಾಯಿಸಿ ಇಟ್ಟಿದ್ದ, ಅದಕ್ಕೇ ಆ ನೀರಿನಲ್ಲೂ ಗಾಡಿ ಅಷ್ಟು ದಿನ ಓಡಿತು, ನಿಮ್ಮ ಮದ್ದೂ ಹಾಗೆಯೇ ಬಂದದ್ದು, ನನ್ನ ಗಂಡ ಕೊನೆಯವರೆಗೆ ಅದನ್ನೇ ಹೇಳುತ್ತಿದ್ದರು. ಆ ಮುದುಕಿ ನನ್ನ ಕೈ ಹಿಡಿದುಕೊಂಡರು. ವೇಯ್ನ್ ಗುಡ್ಡ ನೋಡುತ್ತಿದ್ದ.

"ಓಡಿಸುವವನಿಗೂ ಬೇಡವಾ ಅಣ್ಣ" ಎಂದು ಕುಸುಮಾವತಿ ಬೆರಳಲ್ಲಿ ಗಂಧ ತೆಗೆದುಕೊಂಡು ನನ್ನ ಹಣೆಯ ಹತ್ತಿರ ತಂದಳು.

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಮುಖದಲ್ಲಿ ಎಣ್ಣೆ ಉಂಟು, ತೊಳೆದು ಬರುತ್ತೇನೆ ಎಂದೆ.

"ಅಡ್ಡಿಲ್ಲ, ಬಾ."

"ತೊಳೆದು ಬರ್ತೇನೆ ಕುಸುಮಾ."

ಶೆಡ್ಡಿನ ಹಿಂದಿನ ನಲ್ಲಿ ತೆರೆದು ಮುಖ ತೊಳೆದೆ. ಎಣ್ಣೆ ಇರಲಿಲ್ಲ. ನೀರನ್ನು ಹಾಗೆಯೇ ಬಿಟ್ಟುಕೊಂಡು ನಿಂತಿದ್ದೆ. ಅವಳು ಕರೆದಳು, ಸ್ವಲ್ಪ ಬಿಟ್ಟು ಇನ್ನೊಮ್ಮೆ ಕರೆದಳು. ನಾನು ತಿರುಗಿ ಬರುವಾಗ ಎಲ್ಲರೂ ಪಾಯಸಕ್ಕೆ ಒಳಗೆ ಹೋಗಿದ್ದರು. ಅವಳೊಬ್ಬಳು ಕುಟ್ಟಿಯ ಪಕ್ಕದಲ್ಲಿ ಬೆರಳು ಮುಂದೆ ಹಿಡಿದುಕೊಂಡೇ ನಿಂತಿದ್ದಳು. ಗಂಧ ಬೆರಳಲ್ಲೇ ಒಣಗಿ ಬಿರುಕು ಬಿಟ್ಟಿತ್ತು.